ಮಂಗಳೂರು–ಉಡುಪಿಯ ಅಳಿವೆಗಳು ಮತ್ತು ವಲಸೆ ಹಕ್ಕಿಗಳು: ಪದೇ ಪದೇ ಕೇಳುವ ಪ್ರಶ್ನೆಗಳು

ಹೊಳೆ ಕಡಲು ಸೇರುವಲ್ಲಿ ಇಳಿತದ ಹೊತ್ತಿಗೆ ಬಯಲಾಗುವ ಕೆಸರು, ಮರಳ ದಿಬ್ಬ, ಅಂಚಿನ ಕಾಂಡ್ಲಾ (ಮ್ಯಾಂಗ್ರೋವ್) ಕಾಡು ಮತ್ತು ಅಲ್ಲಿ ಮೇಯುವ ಹಕ್ಕಿಗಳ ಬಗ್ಗೆ ಜನ ಕೇಳುವ ಪ್ರಶ್ನೆಗಳಿವು. ಹಕ್ಕಿಗಳಿಗೆ ಪ್ರಚಲಿತ ಕನ್ನಡ ಹೆಸರಿದ್ದಲ್ಲಿ ಅದನ್ನೇ ಬಳಸಿದ್ದೇವೆ. ಇಲ್ಲದ ಕಡೆ ಹಕ್ಕಿ ನೋಡುವವರು ಆಡುವ ಹೆಸರನ್ನೇ ಉಳಿಸಿದ್ದೇವೆ.

ಯಾವ ಯಾವ ಅಳಿವೆಗಳು ಇದರಲ್ಲಿ ಸೇರುತ್ತವೆ?

ದಕ್ಷಿಣದಿಂದ ಬಂದರೆ ಮೊದಲು ನೇತ್ರಾವತಿ ಮತ್ತು ಗುರುಪುರ ಹೊಳೆ ಕೂಡುವ ಉಳ್ಳಾಲ–ಬೆಂಗ್ರೆ ಅಳಿವೆ. ಮುಂದೆ ಮೂಲ್ಕಿ–ಸಸಿಹಿತ್ಲು ಬಳಿ ಶಾಂಭವಿ ಮತ್ತು ನಂದಿನಿ, ಮಲ್ಪೆಯಲ್ಲಿ ಉದ್ಯಾವರ ಹೊಳೆ, ಕೋಡಿಬೆಂಗ್ರೆಯಲ್ಲಿ ಸೀತಾ ಮತ್ತು ಸ್ವರ್ಣಾ. ಕೊನೆಗೆ ಕುಂದಾಪುರ–ಗಂಗೊಳ್ಳಿಯ ಪಂಚಗಂಗಾವಳಿ. ಹೆಚ್ಚಿನವುಗಳ ರಚನೆ ಒಂದೇ ಬಗೆಯದು. ಘಟ್ಟದಿಂದ ಇಳಿದ ಹೊಳೆ ಕಡಲಿನ ಹತ್ತಿರ ಬಂದು, ಮರಳಿನ ಉದ್ದ ನಾಲಿಗೆಗೆ ತಡೆದು, ಸ್ವಲ್ಪ ದೂರ ಕಡಲಿಗೆ ಸಮಾನಾಂತರವಾಗಿ ಹರಿದು ಮತ್ತೆ ಹೊರಬೀಳುತ್ತದೆ. ಹಾಗೆ ನಿಧಾನವಾದ ನೀರು ಹೊತ್ತು ತಂದ ನಯವಾದ ಮಣ್ಣನ್ನು ಇಳಿಸುವ ಜಾಗವೇ ಹಕ್ಕಿಗಳ ಮೇವಿನ ಜಾಗ.

ಇದು ಪಕ್ಷಿಧಾಮವೇ? ಟಿಕೆಟ್ ಎಲ್ಲಿ ಸಿಗುತ್ತದೆ?

ಟಿಕೆಟ್ ಇಲ್ಲ, ಗೇಟೂ ಇಲ್ಲ. ರಂಗನತಿಟ್ಟು 1940ರಿಂದ ಪಕ್ಷಿಧಾಮ, 2022ರಿಂದ ರಾಮ್ಸರ್ ತಾಣ, ಅಂದರೆ ಅಂತರರಾಷ್ಟ್ರೀಯ ಒಪ್ಪಂದದ ಪಟ್ಟಿಗೆ ಸೇರಿದ ಜೌಗು ಪ್ರದೇಶ. ಅಲ್ಲಿನ ಹಾಗೆ ದೋಣಿಯಲ್ಲಿ ಕೂತು ಗೂಡು ನೋಡಿ ಬರುವ ಏರ್ಪಾಡು ಇಲ್ಲಿಲ್ಲ. ನಮ್ಮ ಅಳಿವೆಗಳಿಗೆ ಹಕ್ಕಿಗಳು ಬರುವುದು ಮುಖ್ಯವಾಗಿ ತಿನ್ನಲು, ಗೂಡು ಕಟ್ಟಲು ಅಲ್ಲ. ರಾಮ್ಸರ್ ಪಟ್ಟಿಗೆ ಸೇರಿದ, ನಮಗೆ ಹತ್ತಿರದ ಅಳಿವೆ ಕುಮಟಾ ಬಳಿಯ ಅಘನಾಶಿನಿ. 2024ರಲ್ಲಿ ಮಾಗಡಿ ಕೆರೆ, ಅಂಕಸಮುದ್ರಗಳ ಜೊತೆ ಅದೂ ಸೇರಿತು.

ಹಾಗಾದರೆ ಕಾನೂನಿನ ರಕ್ಷಣೆ ಇಲ್ಲವೇ?

ಇದೆ, ಆದರೆ ಜನ ಹುಡುಕುವ ಜಾಗದಲ್ಲಿ ಇಲ್ಲ. 2017ರ ಜೌಗು ಪ್ರದೇಶ ನಿಯಮಗಳನ್ನು ಹಿಡಿದುಕೊಂಡು ಕಚೇರಿಗೆ ಹೋದವರು ಬರಿಗೈಯಲ್ಲಿ ಮರಳುವುದುಂಟು. ನದಿಯ ಪಾತ್ರ, ಗದ್ದೆ ಮತ್ತು ಕರಾವಳಿ ನಿಯಂತ್ರಣ ವಲಯಕ್ಕೆ (ಸಿಆರ್‌ಝಡ್) ಸೇರಿದ ಜಾಗಗಳನ್ನು ಆ ನಿಯಮಗಳು ತಮ್ಮ ವ್ಯಾಪ್ತಿಯಿಂದ ಹೊರಗಿಟ್ಟಿವೆ. ಅಳಿವೆಗೆ ಅನ್ವಯಿಸುವುದು ಸಿಆರ್‌ಝಡ್ ಅಧಿಸೂಚನೆ. ಅದರಲ್ಲಿ ಕಾಂಡ್ಲಾ, ಜೀವಿಗಳಿರುವ ಕೆಸರು ಬಯಲು, ಹಕ್ಕಿಗಳು ಗೂಡು ಮಾಡುವ ಜಾಗ, ಆಮೆ ಮೊಟ್ಟೆಯಿಡುವ ದಂಡೆ ಇವೆಲ್ಲ ಅತಿ ಸೂಕ್ಷ್ಮ ವರ್ಗಕ್ಕೆ, ಅಂದರೆ ಸಿಆರ್‌ಝಡ್ ಒಂದು–ಎಗೆ ಸೇರುತ್ತವೆ. ಕಾಂಡ್ಲಾ ಒಂದೇ ಕಡೆ 1,000 ಚದರ ಮೀಟರ್‌ಗಿಂತ ಹೆಚ್ಚಿದ್ದರೆ ಸುತ್ತ 50 ಮೀಟರ್ ಅಂಚನ್ನೂ ಬಿಡಬೇಕು. ಹೊಳೆಯೊಳಗೆ ಈ ನಿಯಮ ಎಲ್ಲಿಯವರೆಗೆ ಎಂಬುದನ್ನು ಉಪ್ಪಿನಂಶ ನಿರ್ಧರಿಸುತ್ತದೆ: ವರ್ಷದ ಅತಿ ಒಣ ಕಾಲದಲ್ಲಿ ಲೀಟರಿಗೆ ಸುಮಾರು 5 ಗ್ರಾಂ ಉಪ್ಪು ಇರುವ ತನಕ.

ಇದರ ಜೊತೆ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯಿದೆ. ಧಾಮದ ಒಳಗಿರಲಿ, ಹೊರಗಿರಲಿ, ಕಾಡುಹಕ್ಕಿಯನ್ನು ಕೊಲ್ಲುವುದು, ಬಲೆ ಹಾಕಿ ಹಿಡಿಯುವುದು, ಮೊಟ್ಟೆ ತೆಗೆಯುವುದು ಅಪರಾಧ. 'ಇದು ಅಭಯಾರಣ್ಯವಲ್ಲವಲ್ಲ' ಎಂಬ ಮಾತು ಬೆಳ್ಳಕ್ಕಿಗೆ ಉರುಳು ಹಾಕಿದವರ ರಕ್ಷಣೆಗೆ ಬಾರದು.

ಯಾವ ತಿಂಗಳು ಬರಬೇಕು?

ನವೆಂಬರಿನಿಂದ ಫೆಬ್ರವರಿ. ಮೊದಲ ಗೊರವಗಳು (ಕೆಸರಲ್ಲಿ ಮೇಯುವ ದಂಡೆಹಕ್ಕಿಗಳು) ಆಗಸ್ಟ್ ಕೊನೆಗೇ ಇಳಿಯುತ್ತವೆ. ಆದರೆ ಹೊಳೆ ಆಗಿನ್ನೂ ತುಂಬಿ ಹರಿಯುತ್ತಿರುವುದರಿಂದ ಕೆಸರು ಬಯಲಾಗುವುದು ಕಡಿಮೆ. ಮಾರ್ಚ್–ಏಪ್ರಿಲ್ ತಿಂಗಳನ್ನು ಅನೇಕರು ಬಿಟ್ಟುಬಿಡುತ್ತಾರೆ, ಅದು ನಷ್ಟ. ಬೂದುಬಣ್ಣದ ಪುಟ್ಟ ದಂಡೆಹಕ್ಕಿಗಳಾದ ಸ್ಯಾಂಡ್ ಪ್ಲವರ್‌ಗಳ ಎದೆ ಕೆಂಪಾಗುವುದು, ಕಡಲಹಕ್ಕಿಗಳಾದ ಗಲ್‌ಗಳ ತಲೆ ಕಪ್ಪುಕಂದಾಗುವುದು ಆಗಲೇ. ಹೊರಡುವ ಮುನ್ನ ಕೊಬ್ಬು ಕೂಡಿಸಿಕೊಳ್ಳಲು ಅವು ಬಿಡುವಿಲ್ಲದೆ ಮೇಯುವ ಕಾಲವೂ ಅದೇ. ಹಾಗಾಗಿ ಅವನ್ನು ಎಬ್ಬಿಸಬಾರದ ಕಾಲವೂ ಹೌದು. ಮೇ ತಿಂಗಳಲ್ಲಿ ಅಲ್ಲೊಂದು ಇಲ್ಲೊಂದು ಕರ್ಲ್ಯೂ (ಉದ್ದ ಬಾಗುಕೊಕ್ಕಿನ ದೊಡ್ಡ ಗೊರವ) ಕಂಡರೆ ಗಾಯವಾಗಿದೆ ಎಂದುಕೊಳ್ಳಬೇಡಿ. ಒಂದು ವರ್ಷ ತುಂಬದ ಮರಿಗಳು ಬೇಸಗೆಯನ್ನು ಇಲ್ಲೇ ಕಳೆಯುವುದುಂಟು.

ಬೆಳಗ್ಗೆ ಆರಕ್ಕೇ ಹೋಗಿದ್ದೆವು, ಹಕ್ಕಿಯೇ ಇರಲಿಲ್ಲ. ಏಕೆ?

ಆರು ಗಂಟೆಗೆ ಉಬ್ಬರ ಇದ್ದಿರಬೇಕು. ಕಾಡಿನ ಹಕ್ಕಿಗೆ ಸೂರ್ಯ ಗಡಿಯಾರ, ಅಳಿವೆಯ ಹಕ್ಕಿಗೆ ನೀರು ಗಡಿಯಾರ. ಉಬ್ಬರದಲ್ಲಿ ಕೆಸರು ಮುಳುಗಿದಾಗ ಅವು ಎತ್ತರದ ಮರಳ ದಿಬ್ಬ, ಕಲ್ಲಿನ ತಡೆಗೋಡೆ, ಹತ್ತಿರದ ಬೈಲುಗದ್ದೆಗಳಲ್ಲಿ ಗುಂಪಾಗಿ ಕಣ್ಣು ಮುಚ್ಚಿ ನಿಂತಿರುತ್ತವೆ.

ಮಾಡಬೇಕಾದ್ದು ಇಷ್ಟು. ನವ ಮಂಗಳೂರು ಬಂದರಿನ ಉಬ್ಬರ–ಇಳಿತದ ಪಟ್ಟಿ ನೋಡಿ, ಆ ದಿನದ ಇಳಿತದ ಸಮಯ ಮತ್ತು ಎತ್ತರ ಎರಡನ್ನೂ ಬರೆದುಕೊಳ್ಳಿ. ಎತ್ತರ 0.5 ಮೀಟರ್‌ಗಿಂತ ಕಡಿಮೆ ಇದ್ದ ದಿನ ಕೆಸರು ಚೆನ್ನಾಗಿ ಬಯಲಾಗುತ್ತದೆ. ನಮ್ಮಲ್ಲಿ ದಿನಕ್ಕೆ ಎರಡು ಇಳಿತ, ಆದರೆ ಎರಡೂ ಸಮನಲ್ಲ. ಒಂದರಲ್ಲಿ ನೀರು ಬಹಳ ಹಿಂದೆ ಸರಿದರೆ ಇನ್ನೊಂದರಲ್ಲಿ ಸರಿದಂತೆಯೇ ಕಾಣುವುದಿಲ್ಲ. ಸಮಯ ಮಾತ್ರ ನೋಡಿ ಹೊರಟವರು ಎಡವುವುದು ಇಲ್ಲೇ. ಪಟ್ಟಿಯ ಸಮಯ ಕಡಲಿನ ಬದಿಯದು, ಹೊಳೆಯೊಳಗೆ ಹೋದಷ್ಟೂ ಇಳಿತ ತಡವಾಗುತ್ತದೆ. ಪಟ್ಟಿ ಸಿಗದಿದ್ದರೆ ಪಂಚಾಂಗ ಸಾಕು: ಅಮಾವಾಸ್ಯೆ, ಹುಣ್ಣಿಮೆ ಮತ್ತು ಅವುಗಳ ಮರುದಿನ, ಮೂರನೆಯ ದಿನ ಏರಿಳಿತ ಜೋರು. ಅಷ್ಟಮಿ ಆಸುಪಾಸು ಮಂದ. ದಿನದಿಂದ ದಿನಕ್ಕೆ ಸಮಯ ಸುಮಾರು 50 ನಿಮಿಷ ಮುಂದಕ್ಕೆ ಹೋಗುತ್ತದೆ.

ಎಲ್ಲಕ್ಕಿಂತ ಒಳ್ಳೆಯ ಹೊತ್ತು ಇಳಿತ ಮುಗಿದು ನೀರು ಏರತೊಡಗಿದ ಮೊದಲ ಎರಡು ಗಂಟೆ. ದೂರದ ಕೆಸರಲ್ಲಿ ಚದುರಿದ್ದ ಹಕ್ಕಿಗಳನ್ನು ನೀರೇ ದಂಡೆಯ ಕಡೆಗೆ ತರುತ್ತದೆ. ನೀವು ಅಲುಗಾಡದೆ ಕುಳಿತಿದ್ದರೆ ಸಾಕು.

ಬೆಳಕೂ ಮುಖ್ಯ. ಕೋಡಿಬೆಂಗ್ರೆಯ ರಸ್ತೆಯಲ್ಲಿ ಹೊಳೆ ನಿಮ್ಮ ಪೂರ್ವಕ್ಕಿದೆ, ಬೆಳಗ್ಗೆ ನೋಡಿದರೆ ಹಕ್ಕಿಯೆಲ್ಲ ಕಪ್ಪು ನೆರಳು. ಅಲ್ಲಿಗೆ ಮಧ್ಯಾಹ್ನ ಮೂರರ ನಂತರದ ಇಳಿತ ಆರಿಸಿ. ಸುಲ್ತಾನ್ ಬತ್ತೇರಿ ಬದಿಯಿಂದ ಗುರುಪುರ ಹೊಳೆ ನೋಡುವವರಿಗೆ ಬೆಳಗಿನ ಇಳಿತ ಸರಿ. ಸಂಜೆಗೆ ದೋಣಿ ದಾಟಿ ತಣ್ಣೀರುಬಾವಿ ಕಡೆಗೆ ಹೋದರಾಯಿತು.

ಹೊಸಬರು ಮೊದಲು ಯಾವ ಹಕ್ಕಿಗಳನ್ನು ಕಲಿಯಬೇಕು?

ಗೊರವಗಳೆಲ್ಲ ಒಂದೇ ತರ ಕಾಣುತ್ತವೆ ಎಂಬುದು ಎಲ್ಲರ ದೂರು. ಬಣ್ಣ ಬಿಡಿ. ಕೊಕ್ಕಿನ ಉದ್ದ, ಕಾಲಿನ ಬಣ್ಣ, ಮೇಯುವ ರೀತಿ, ಹಾರುವಾಗ ರೆಕ್ಕೆಯಲ್ಲಿ ಕಾಣುವ ಬಿಳಿ, ಈ ನಾಲ್ಕನ್ನು ನೋಡಿ.

ಗದ್ದೆಗೊರವ ಒಂಟಿಯಾಗಿ ದಂಡೆಯ ಕಲ್ಲಿನ ಮೇಲೆ ಹಿಂಭಾಗವನ್ನು ಎಡೆಬಿಡದೆ ಕುಣಿಸುತ್ತಿರುತ್ತದೆ. ಭುಜದ ಮುಂದೆ ಬಿಳಿ ಪಟ್ಟೆ ಮೇಲೆದ್ದಿರುತ್ತದೆ. ಹಾರುವಾಗ ರೆಕ್ಕೆ ಬಿಗಿಹಿಡಿದು, ನಡುಗಿಸುತ್ತ ನೀರಿಗೆ ತಾಗಿದಂತೆ ಹೋಗುತ್ತದೆ. ಇದೊಂದನ್ನು ಚೆನ್ನಾಗಿ ಕಲಿತರೆ ಉಳಿದವನ್ನು ಇದರ ಜೊತೆ ಹೋಲಿಸಬಹುದು. ಕೆಂಪುಕಾಲಿನ ಗೊರವ ಹಾರಿದಾಗ ರೆಕ್ಕೆಯ ಹಿಂದಿನ ಅಂಚು ಅಗಲವಾಗಿ ಬಿಳಿ. ಹಸಿರುಕಾಲಿನದಕ್ಕೆ ರೆಕ್ಕೆಯಲ್ಲಿ ಬಿಳಿ ಇಲ್ಲ, ಬೆನ್ನ ಮೇಲೆ ಬಿಳಿ ತ್ರಿಕೋನ. ಅದರ ಕೊಕ್ಕು ತುಸು ಮೇಲಕ್ಕೆ ಬಾಗಿದೆ. ಕರ್ಲ್ಯೂ ಮತ್ತು ವಿಂಬ್ರೆಲ್ ಎರಡಕ್ಕೂ ಕೊಕ್ಕು ಕೆಳಕ್ಕೆ ಬಾಗಿದ್ದು, ವಿಂಬ್ರೆಲ್ ಚಿಕ್ಕದು, ತಲೆಯ ಮೇಲೆ ಗೆರೆಗಳಿವೆ. ಓಡಿ, ಗಕ್ಕನೆ ನಿಂತು, ಕುಕ್ಕುವ ಪುಟ್ಟ ಹಕ್ಕಿಗಳು ಪ್ಲವರ್‌ಗಳು. ಕತ್ತಿನ ಹಿಂದೆ ಬಿಳಿ ಕೊರಳಪಟ್ಟಿ ಇದ್ದರೆ ಕೆಂಟಿಶ್ ಪ್ಲವರ್, ಇಲ್ಲದಿದ್ದರೆ ಸ್ಯಾಂಡ್ ಪ್ಲವರ್.

ಮಲ್ಪೆ ಬಂದರಿನ ದೋಣಿಗಳ ಹಿಂದೆ ಬರುವ ಗಲ್‌ಗಳಲ್ಲಿ ಕಣ್ಣು ಬಿಳಿಚಿಕೊಂಡು, ರೆಕ್ಕೆಯ ಕಪ್ಪು ತುದಿಯೊಳಗೆ ಬಿಳಿ ಚುಕ್ಕಿ ಇದ್ದರೆ ಕಂದುತಲೆಯದು. ಕಣ್ಣು ಕಪ್ಪಾಗಿ, ರೆಕ್ಕೆಯ ಮುಂದಿನ ಅಂಚು ಉದ್ದಕ್ಕೂ ಬೆಳ್ಳಗಿದ್ದರೆ ಕರಿತಲೆಯದು. ಕೊಕ್ಕರೆಗಳಲ್ಲಿ ಬೂದು ಬಣ್ಣದ, ಗಂಟಲು ಮಾತ್ರ ಬಿಳಿಯಿರುವ ಬಂಡೆ ಬಕ ಕರಾವಳಿಯದೇ ಹಕ್ಕಿ. ಆದರೆ ಅದರಲ್ಲಿ ಪೂರ್ತಿ ಬಿಳಿಯ ರೂಪವೂ ಇರುವುದರಿಂದ ಬೆಳ್ಳಕ್ಕಿಯೆಂದು ಬರೆದುಬಿಡುವವರು ಬಹಳ.

ಇವು ಎಲ್ಲಿಂದ ಬರುತ್ತವೆ?

ಮಧ್ಯ ಏಷ್ಯಾದ ಹಾರುದಾರಿಯಿಂದ. ಕಂದುತಲೆ ಗಲ್ ಮರಿ ಮಾಡುವುದು ಟಿಬೆಟ್, ಲಡಾಖ್ ಕಡೆಯ ಎತ್ತರದ ಸರೋವರಗಳಲ್ಲಿ. ಕರ್ಲ್ಯೂ ಸ್ಯಾಂಡ್‌ಪೈಪರ್, ಲಿಟಲ್ ಸ್ಟಿಂಟ್ ಉತ್ತರ ಧ್ರುವದ ಅಂಚಿನ ಬಯಲುಗಳಿಂದ ಬರುತ್ತವೆ. ಗದ್ದೆಗೊರವ ಹಿಮಾಲಯದಲ್ಲೂ ಮರಿ ಮಾಡುತ್ತದೆ. 2024ರಲ್ಲಿ ಐಯುಸಿಎನ್ ಎಂಬ ಜಾಗತಿಕ ಸಂರಕ್ಷಣಾ ಸಂಸ್ಥೆ ಅಳಿವಿನ ಅಪಾಯದ ಕೆಂಪು ಪಟ್ಟಿ ಪರಿಷ್ಕರಿಸಿದಾಗ ಕರ್ಲ್ಯೂ ಸ್ಯಾಂಡ್‌ಪೈಪರ್ ಮತ್ತು ಗ್ರೇ ಪ್ಲವರ್ ಎರಡೂ ಹೆಚ್ಚು ಅಪಾಯದ ವರ್ಗಕ್ಕೆ ಏರಿದವು.

ಆ ಕೆಸರಲ್ಲಿ ತಿನ್ನಲು ಏನಿದೆ?

ಹುಳು, ಪುಟ್ಟ ಏಡಿ, ಮರುವಾಯಿ (ಕೆಸರಿನ ಚಿಪ್ಪುಜೀವಿ) ಮರಿ, ಬಸವನಹುಳು, ಸಿಗಡಿ ಮರಿ. ಒಂದೊಂದು ಕೊಕ್ಕು ಒಂದೊಂದು ಆಳಕ್ಕೆ ತಲುಪುವುದರಿಂದ ಒಂದೇ ಕೆಸರಲ್ಲಿ ಹತ್ತು ಜಾತಿ ಜಗಳವಿಲ್ಲದೆ ಮೇಯಬಲ್ಲವು. ಪ್ಲವರ್ ಮೇಲ್ಮೈಯಲ್ಲಿ ಕಂಡದ್ದನ್ನು ಕುಕ್ಕುತ್ತದೆ. ಕೆಂಪುಕಾಲಿನ ಗೊರವ ನಾಲ್ಕು ಸೆಂಟಿಮೀಟರ್ ಒಳಗಿನದನ್ನು ಹುಡುಕುತ್ತದೆ. ಕರ್ಲ್ಯೂ ಏಡಿಯ ಬಿಲದ ತಳಕ್ಕೇ ಕೈ ಹಾಕುತ್ತದೆ. ಮಳೆಗಾಲದಲ್ಲಿ ಹೊಳೆಯ ಸಿಹಿನೀರು ಉಪ್ಪನ್ನು ಹೊರದಬ್ಬಿದಾಗ ಈ ಕೆಸರುಜೀವಿಗಳಲ್ಲಿ ಬಹಳಷ್ಟು ಸಾಯುತ್ತವೆ. ಮಳೆ ನಿಂತು ಉಪ್ಪು ಮರಳಿದ ಮೇಲೆ ಮತ್ತೆ ತುಂಬಿಕೊಳ್ಳುತ್ತವೆ. ವಲಸೆ ಹಕ್ಕಿಗಳು ಸೇರುವುದೂ ಆಗಲೇ.

ಆದ್ದರಿಂದ 'ಖಾಲಿ ಬಿದ್ದ ಕೆಸರು' ಎಂದು ಅದರ ಮೇಲೆ ಕಟ್ಟಡದ ಅವಶೇಷ ಸುರಿದರೆ ಹಕ್ಕಿ ಪಕ್ಕಕ್ಕೆ ಸರಿಯುತ್ತದೆ ಎಂಬ ಲೆಕ್ಕ ನಡೆಯದು. ಪಕ್ಕದ ಕೆಸರು ಮೊದಲೇ ಬೇರೆ ಹಕ್ಕಿಗಳಿಂದ ತುಂಬಿದೆ. ಅದೂ ಬಯಲಾಗಿರುವುದು ದಿನಕ್ಕೆ ಕೆಲವೇ ಗಂಟೆ.

ಎಷ್ಟು ಹತ್ತಿರ ಹೋಗಬಹುದು?

ಗುಂಪಿದ್ದರೆ 100 ಮೀಟರ್ ದೂರ ಇಟ್ಟುಕೊಳ್ಳಿ. ಕರ್ಲ್ಯೂಗೆ ಇನ್ನೂ ಹೆಚ್ಚು, ಅದು ಎಲ್ಲಕ್ಕಿಂತ ಮೊದಲು ಏಳುತ್ತದೆ, ಅದರ ಕೂಗಿಗೆ ಉಳಿದವೂ ಏಳುತ್ತವೆ. ಮೇಯುವುದು ನಿಲ್ಲಿಸಿ ಕತ್ತೆತ್ತಿದರೆ ಅಲ್ಲೇ ನಿಲ್ಲಿ. ನಡೆದು ದೂರ ಸರಿಯತೊಡಗಿದರೆ ಎರಡು ಹೆಜ್ಜೆ ಹಿಂದೆ ಬನ್ನಿ. ಉಬ್ಬರದಲ್ಲಿ ದಿಬ್ಬದ ಮೇಲೆ ಮಲಗಿದ ಗುಂಪಿನ ಹತ್ತಿರ ಹೋಗಲೇಬೇಡಿ, ಅವಕ್ಕೆ ಹೋಗಲು ಬೇರೆ ಒಣ ಜಾಗ ಇರುವುದಿಲ್ಲ. ಡ್ರೋನ್ ಮೇಲಿನಿಂದ ಬರುವ ಡೇಗೆಯಂತೆ ಕಾಣುವುದರಿಂದ ಇಡೀ ದಿಬ್ಬವೇ ಖಾಲಿಯಾಗುತ್ತದೆ. ಹಾರುವ ಗುಂಪಿನ ಫೋಟೊಗಾಗಿ ಚಪ್ಪಾಳೆ ತಟ್ಟುವವರ ಬಗ್ಗೆ ಹೆಚ್ಚು ಹೇಳುವುದಿಲ್ಲ. ಸಾಕುನಾಯಿಯನ್ನು ಮನೆಯಲ್ಲೇ ಬಿಟ್ಟು ಬನ್ನಿ.

ಇಳಿತದಲ್ಲಿ ಮರಳ ದಿಬ್ಬಕ್ಕೆ ನಡೆದು ಹೋಗಬಹುದೇ?

ಬೇಡ. ಹೋಗುವಾಗ ಮೊಣಕಾಲು ನೀರಿದ್ದ ಕಾಲುವೆ ಬರುವಾಗ ಎದೆಮಟ್ಟ ಇರುತ್ತದೆ. ನೀರು ದಿಬ್ಬದ ಮುಂದಿನಿಂದ ಏರುವ ಮೊದಲು ಹಿಂದಿನ ತಗ್ಗಿನಲ್ಲಿ ತುಂಬುವುದರಿಂದ ಸಿಕ್ಕಿಬಿದ್ದದ್ದು ತಿಳಿಯುವುದೇ ತಡವಾಗಿ. ಅಳಿವೆ ಬಾಗಿಲಲ್ಲಿ ಸೆಳೆತ ಬಲವಾಗಿದ್ದು, ಈಜು ಬಲ್ಲವರೂ ಅಲ್ಲಿ ಮುಳುಗಿದ್ದಾರೆ. ಕೆಸರಿನಲ್ಲಿ ಕಾಲು ಹೂತರೆ ಎಳೆದಾಡದೆ, ಹಿಂದಕ್ಕೆ ಒರಗಿ ಭಾರ ಹಂಚಿ, ಒಂದೊಂದೇ ಕಾಲನ್ನು ನಿಧಾನ ಬಿಡಿಸಿಕೊಳ್ಳಬೇಕು. ಬರಿಗಾಲೂ ಬೇಡ, ಕಲ್ಲಿಗೆ ಅಂಟಿದ ಸಿಂಪಿ ಚಿಪ್ಪು ಬ್ಲೇಡಿನಷ್ಟು ಹರಿತ.

ಯಾವ ಬೈನಾಕ್ಯುಲರ್?

8×42 (ಎಂಟು ಪಟ್ಟು ದೊಡ್ಡದಾಗಿ ತೋರಿಸುವುದು) ಸಾಕು. 10×42 ಗಾಳಿಯಲ್ಲಿ ಕೈ ನಡುಗಿದರೆ ಕಷ್ಟ. ನಿಯತವಾಗಿ ಬರುವವರು ಹಣ ಕೂಡಿಸಿ ಟ್ರೈಪಾಡ್ ಮೇಲಿನ 20–60 ಪಟ್ಟಿನ ಸ್ಪಾಟಿಂಗ್ ಸ್ಕೋಪ್ ಕೊಳ್ಳಬೇಕು, ದೂರದ ಕೆಸರಿಗೆ ಅದೇ ಬೇಕು. ಹತ್ತರಿಂದ ನಾಲ್ಕರವರೆಗೆ ಬಿಸಿಗಾಳಿಯಲ್ಲಿ ಚಿತ್ರ ಕುಣಿಯುತ್ತದೆ, ಆಗ 25 ಪಟ್ಟಿಗೇ ನಿಲ್ಲಿಸಿ. ಉಪ್ಪುಗಾಳಿ ತಾಗಿದ ಗಾಜನ್ನು ಒಣಬಟ್ಟೆಯಿಂದ ಒರೆಸಬೇಡಿ, ಉಪ್ಪಿನ ಹರಳು ಗೀರು ಹಾಕುತ್ತದೆ. ಮೊದಲು ಊದಿ, ಸಿಹಿನೀರಲ್ಲಿ ಒದ್ದೆಮಾಡಿದ ಬಟ್ಟೆಯಿಂದ ಒತ್ತಿ ತೆಗೆಯಿರಿ.

ಗಲ್‌ಗಳಿಗೆ ಖಾರಸೇವು, ಬಿಸ್ಕಿಟ್ ಹಾಕಬಹುದೇ?

ಬೇಡ.

ನಮ್ಮ ಸಂಘದಿಂದ ಕಾಂಡ್ಲಾ ಗಿಡ ನೆಡಬೇಕೆಂದಿದ್ದೇವೆ. ಹೇಗೆ?

ಮೊದಲು ಎಲ್ಲಿ ಎಂದು ಕೇಳಿಕೊಳ್ಳಿ. ಕಾಂಡ್ಲಾ ಬೆಳೆಯುವುದು ಸರಾಸರಿ ಕಡಲ ಮಟ್ಟದಿಂದ ಮೇಲೆ, ದೊಡ್ಡ ಉಬ್ಬರ ತಲುಪುವ ಗೆರೆಯೊಳಗೆ. ಅದಕ್ಕಿಂತ ಕೆಳಗಿನ ಬಯಲು ಕೆಸರಿನಲ್ಲಿ ನೆಟ್ಟರೆ ಹೆಚ್ಚು ಹೊತ್ತು ಮುಳುಗಿ, ಎಳೆ ಕಾಂಡಕ್ಕೆ ಚಿಪ್ಪುಜೀವಿ ಅಂಟಿ, ಅಲೆಗೆ ಅಲುಗಾಡಿ ಸಾಯುತ್ತವೆ. ಅಪರೂಪಕ್ಕೆ ಬದುಕಿದರೆ ಗೊರವಗಳ ಮೇವಿನ ಜಾಗ ಹೋಯಿತು. ಎರಡರಲ್ಲೂ ನಷ್ಟವೇ. ಒಂದು ಕಡೆ ಕಾಂಡ್ಲಾ ತಾನಾಗಿ ಬಂದಿಲ್ಲವೆಂದರೆ ಅದಕ್ಕೊಂದು ಕಾರಣವಿದೆ. ಹಳೆಯ ಒಡ್ಡು ಉಬ್ಬರದ ನೀರನ್ನು ತಡೆದಿದ್ದರೆ, ಅನುಮತಿ ಪಡೆದು ಅದನ್ನು ಬಿಡಿಸಿದರೆ ಬೀಜ ತಾನೇ ತೇಲಿ ಬಂದು ನೆಲೆ ನಿಲ್ಲುತ್ತದೆ. ನೆಡುವ ಕೆಲಸಕ್ಕಿಂತ ಇದು ಹೆಚ್ಚು ಫಲ ಕೊಡುತ್ತದೆ, ಫೋಟೊ ಮಾತ್ರ ಚೆನ್ನಾಗಿ ಬರುವುದಿಲ್ಲ.

ನೆಡಲೇಬೇಕಾದ ಜಾಗವಾದರೆ ಅರಣ್ಯ ಇಲಾಖೆಯ ಜೊತೆ ಸೇರಿ ನೆಡಿ. ರೈಜೋಫೊರಾ ಎಂಬ ಕಾಂಡ್ಲಾದ ಉದ್ದ ಕೋಡುಗಳು ಮಳೆಗಾಲದಲ್ಲಿ ಬಲಿಯುತ್ತವೆ. ಕಾಯಿ ಮತ್ತು ಕೋಡಿನ ನಡುವೆ ಹಳದಿ ಉಂಗುರ ಕಂಡು, ಮುಟ್ಟಿದೊಡನೆ ಕಳಚುವಂಥದ್ದನ್ನು ಆರಿಸಿ. ಜಗ್ಗಿ ಕಿತ್ತದ್ದು ಬೇರು ಬಿಡುವುದಿಲ್ಲ. ತೂತು ಬಿದ್ದ, ಒಣಗಿದ ಕೋಡು ಎಸೆಯಿರಿ. ನೆರಳಲ್ಲಿ ಒದ್ದೆ ಗೋಣಿಯಡಿ ಇಟ್ಟು ಬೇಗನೆ ನೆಡಬೇಕು. ಚೂಪಾದ ತುದಿ ಕೆಳಗೆ, ಮೂರನೇ ಒಂದು ಭಾಗ ಮಾತ್ರ ಕೆಸರೊಳಗೆ, ಗಿಡದಿಂದ ಗಿಡಕ್ಕೆ ಒಂದರಿಂದ ಒಂದೂವರೆ ಮೀಟರ್. ತಲೆಕೆಳಗಾಗಿ ನೆಡುವುದು ಶಾಲಾ ಕಾರ್ಯಕ್ರಮಗಳಲ್ಲಿ ಸಾಮಾನ್ಯ. ನೆಟ್ಟ ಮೇಲೆ ಪ್ರತಿ ದೊಡ್ಡ ಉಬ್ಬರದ ನಂತರ ಹೋಗಿ ಸಿಕ್ಕಿಕೊಂಡ ಪ್ಲಾಸ್ಟಿಕ್, ಬಲೆ ತುಂಡು ಬಿಡಿಸದಿದ್ದರೆ ಗಿಡಗಳು ಬಾಗಿ ಮುರಿಯುತ್ತವೆ. ಎಕ್ಸೊಕೇರಿಯಾ ಎಂಬ ಮರದ ಹಾಲು ಕಣ್ಣಿಗೆ ಬಿದ್ದರೆ ತಾತ್ಕಾಲಿಕ ಕುರುಡು ಬರುವುದುಂಟು, ಮಕ್ಕಳಿಗೆ ಮೊದಲೇ ತೋರಿಸಿ ದೂರ ಇರಿಸಿ.

ಮರುವಾಯಿ ತೆಗೆಯುವವರಿಂದ ಹಕ್ಕಿಗಳಿಗೆ ತೊಂದರೆಯಲ್ಲವೇ?

ಕೈಯಿಂದ ಹೆಕ್ಕುವವರಿಂದ ಹೆಚ್ಚಿಲ್ಲ. ದಿನವೂ ಒಂದೇ ರೀತಿ ಬಾಗಿ ದುಡಿಯುವವರಿಗೆ ಹಕ್ಕಿಗಳು ಒಗ್ಗಿಹೋಗಿವೆ. ಕ್ಯಾಮೆರಾ ಹಿಡಿದು ನೇರ ನಡೆದು ಬರುವವರಿಗೆ ಹೆದರುವಷ್ಟು ಅವರಿಗೆ ಹೆದರುವುದಿಲ್ಲ. ಮರಿ ಮರುವಾಯಿಯನ್ನು ಅಲ್ಲೇ ಬಿಟ್ಟರೆ ಅವರಿಗೂ ಮುಂದಿನ ವರ್ಷಕ್ಕೆ ಇರುತ್ತದೆ. ನಿಜವಾದ ಹಾನಿ ಯಂತ್ರದಿಂದ ಮರಳು ಎತ್ತುವುದರಲ್ಲಿದೆ. ತಳ ಆಳವಾದಂತೆ ಅಂಚಿನ ಕೆಸರು ಕುಸಿದು ಜಾರುತ್ತದೆ, ಇಳಿತದಲ್ಲಿ ಬಯಲಾಗುತ್ತಿದ್ದ ಜಾಗ ಖಾಯಂ ನೀರಡಿ ಹೋಗುತ್ತದೆ. ಸಿಆರ್‌ಝಡ್ ಒಳಗೆ ಮರಳ ದಿಬ್ಬ ತೆರವಿಗೆ ಅವಕಾಶ ಇರುವುದು ಸಾಂಪ್ರದಾಯಿಕವಾಗಿ, ಕೈಯಿಂದ, ಯಂತ್ರವಿಲ್ಲದೆ ತೆಗೆಯುವವರಿಗೆ.

ನೀರುನಾಯಿ ಕಾಣಸಿಗುತ್ತದೆಯೇ?

ನಸುಕಿನಲ್ಲಿ, ಕಾಂಡ್ಲಾ ಅಂಚಿನಲ್ಲಿ, ಅದೃಷ್ಟವಿದ್ದರೆ. ಗುರುತು ಹುಡುಕುವುದು ಸುಲಭ: ಎತ್ತರದ ಕಲ್ಲು ಅಥವಾ ಒಡ್ಡಿನ ಮೇಲೆ ಮೀನಿನ ಹುರುಪೆ, ಏಡಿ ಚಿಪ್ಪಿನ ಚೂರು ತುಂಬಿದ, ಮೀನುನಾತದ ಹಿಕ್ಕೆ. ಗುಂಪಾಗಿ ಮೀನು ಅಟ್ಟುವಾಗ ಬಲೆ ಹರಿಯುವುದರಿಂದ ಮೀನುಗಾರರಿಗೆ ಸಿಟ್ಟಿದೆ, ಆ ಸಿಟ್ಟಿಗೆ ಕಾರಣವೂ ಇದೆ. ಬಲೆಯನ್ನು ರಾತ್ರಿಯಿಡೀ ಬಿಡದೆ ಬೇಗ ಎತ್ತಿದರೆ ಹರಿಯುವುದು ಕಡಿಮೆಯಾಗುತ್ತದೆ.

ಜೂನ್–ಜುಲೈಯಲ್ಲಿ ಕಡಲ ದಂಡೆಯಲ್ಲಿ ಹಾರಲಾರದ ಹಕ್ಕಿ ಸಿಕ್ಕಿದೆ. ಏನು ಮಾಡಲಿ?

ಮಳೆಗಾಲದ ಬಿರುಗಾಳಿ ನಡುಗಡಲ ಹಕ್ಕಿಗಳನ್ನು, ಉದಾಹರಣೆಗೆ ಬ್ರೈಡಲ್ಡ್ ಟರ್ನ್, ದಂಡೆಗೆ ತಂದು ಹಾಕುತ್ತದೆ. ಹೆಚ್ಚಿನವಕ್ಕೆ ಗಾಯ ಇರುವುದಿಲ್ಲ, ಹಸಿವು ಮತ್ತು ದಣಿವು. ಮತ್ತೆ ನೀರಿಗೆ ಎಸೆಯಬೇಡಿ, ಮುಳುಗುತ್ತದೆ. ತಲೆಯ ಮೇಲೆ ಬಟ್ಟೆ ಹಾಕಿ, ರೆಕ್ಕೆ ಮಡಚಿ ಹಿಡಿದು, ಗಾಳಿತೂತು ಮಾಡಿದ ರಟ್ಟಿನ ಪೆಟ್ಟಿಗೆಯಲ್ಲಿ ಹಳೆ ಟವೆಲ್ ಹಾಸಿ ಕತ್ತಲಲ್ಲಿಡಿ. ಕೊಕ್ಕು ಕಣ್ಣಿಗೆ ಗುರಿಯಿಡುತ್ತದೆ, ಮುಖ ದೂರವಿರಲಿ. ಬಾಯಿಗೆ ನೀರು ಸುರಿಯಬೇಡಿ, ಶ್ವಾಸಕ್ಕೆ ಹೋಗಿ ಸಾಯುವುದು ಹೀಗೆಯೇ. ಅನ್ನ, ಹಾಲು ಬೇಡ. ಅರಣ್ಯ ಸಹಾಯವಾಣಿ 1926ಕ್ಕೆ ಕರೆ ಮಾಡಿ. ಹಲವು ಹಕ್ಕಿಗಳು ಒಟ್ಟಿಗೆ ಸತ್ತಿದ್ದರೆ ಮುಟ್ಟದೆ ಪಶುಪಾಲನಾ ಇಲಾಖೆಗೂ ತಿಳಿಸಿ.

ಕಾಂಡ್ಲಾ ಕಡಿದು ಮಣ್ಣು ತುಂಬುತ್ತಿದ್ದಾರೆ. ದೂರು ಯಾರಿಗೆ?

ಲಿಖಿತ ದೂರನ್ನು ಪರಿಸರ ಇಲಾಖೆಯ ಪ್ರಾದೇಶಿಕ ನಿರ್ದೇಶಕರ ಕಚೇರಿಗೆ ಕೊಡಿ, ಸಿಆರ್‌ಝಡ್ ಅವರ ಕೆಲಸ. ಮಂಗಳೂರಿನಲ್ಲೂ ಉಡುಪಿಯಲ್ಲೂ ಕಚೇರಿ ಇದೆ. ದೂರಿನ ಒಂದು ಪ್ರತಿಯನ್ನು ಜಿಲ್ಲಾಧಿಕಾರಿಗಳಿಗೂ ಕೊಡಿ. ಬಿದ್ದುಹೋಗುವ ದೂರುಗಳ ದೋಷ ಒಂದೇ: ಜಾಗ ಗೊತ್ತಾಗುವುದಿಲ್ಲ. ಸರ್ವೆ ನಂಬರ್ ಅಥವಾ ಅಕ್ಷಾಂಶ–ರೇಖಾಂಶ, ದಿನಾಂಕ, ಹಿನ್ನೆಲೆಯಲ್ಲಿ ಸೇತುವೆ, ಟವರ್, ದೇವಸ್ಥಾನದಂಥ ಕದಲದ ಗುರುತು ಇರುವ ಫೋಟೊ, ಅದೇ ಜಾಗದ ಹಳೆಯ ಉಪಗ್ರಹ ಚಿತ್ರ, ಈ ನಾಲ್ಕನ್ನು ಲಗತ್ತಿಸಿ. ಹಿಂಬರಹ ಪಡೆಯದೆ ಕಚೇರಿ ಬಿಡಬೇಡಿ. ಕಾರ್ಖಾನೆಯ ನೀರು ಬಂದು ಮೀನು ಸತ್ತಿದ್ದರೆ ಮಾಲಿನ್ಯ ನಿಯಂತ್ರಣ ಮಂಡಳಿಗೆ ಅದೇ ದಿನ ಹೇಳಬೇಕು. ಒಂದೆರಡು ಉಬ್ಬರ ಕಳೆದರೆ ಸಾಕ್ಷಿ ಕಡಲು ಸೇರಿರುತ್ತದೆ.

ಹಕ್ಕಿ ಎಣಿಕೆಯಲ್ಲಿ ನಾನು ಸೇರಬಹುದೇ?

ಖಂಡಿತ. ಏಷ್ಯಾದ ನೀರಹಕ್ಕಿ ಗಣತಿ ಪ್ರತಿ ಜನವರಿಯಲ್ಲಿ ನಡೆಯುತ್ತದೆ, ಉಳಿದ ದಿನ ಹಕ್ಕಿ ದಾಖಲಿಸುವ ಜಾಲತಾಣ ಇ-ಬರ್ಡ್‌ನಲ್ಲಿ ದಾಖಲಿಸಬಹುದು. ಮೇಯುವಾಗ ಚದುರಿರುವುದರಿಂದ ಎಣಿಸುವುದು ಉಬ್ಬರದಲ್ಲಿ, ದಿಬ್ಬದ ಮೇಲೆ ಕೂಡಿದಾಗ. ಮೊದಲು ಹತ್ತು ಹಕ್ಕಿ ಎಣಿಸಿ, ಆ ಹತ್ತು ಎಷ್ಟು ಜಾಗ ಹಿಡಿದಿವೆ ನೋಡಿ, ಅದೇ ಅಳತೆಯಲ್ಲಿ ಗುಂಪಿನ ಮೇಲೆ ಕಣ್ಣು ಹಾಯಿಸಿ. ಜಾತಿ ತಿಳಿಯದಿದ್ದರೆ 'ಸಣ್ಣ ಗೊರವ, 60' ಎಂದೇ ಬರೆಯಿರಿ. ಊಹಿಸಿ ಬರೆದ ಹೆಸರಿಗಿಂತ ಅದು ಉಪಯೋಗಕ್ಕೆ ಬರುತ್ತದೆ. ಒಂದೇ ಜಾಗಕ್ಕೆ ತಿಂಗಳು ತಿಂಗಳು ಹೋಗಿ, ಹಕ್ಕಿ ಕಾಣದ ದಿನವನ್ನೂ ಸೇರಿಸಿ.

ಕಾಲಲ್ಲಿ ಉಂಗುರ ಅಥವಾ ಬಣ್ಣದ ಪಟ್ಟಿ ಇರುವ ಹಕ್ಕಿ ಕಂಡಿತು.

ಸಂಶೋಧಕರು ಹಾಕಿದ್ದು. ಯಾವ ಕಾಲು, ಮಂಡಿಯ ಮೇಲೋ ಕೆಳಗೋ, ಬಣ್ಣಗಳು ಮೇಲಿನಿಂದ ಕೆಳಕ್ಕೆ ಯಾವ ಕ್ರಮದಲ್ಲಿ, ಅಕ್ಷರವೇನಾದರೂ ಓದಲು ಬಂತೇ ಎಂದು ಬರೆದುಕೊಳ್ಳಿ. ಹಕ್ಕಿಯ ಎಡ ಅದರದೇ ಎಡ, ನಿಮಗೆ ಎದುರಾಗಿ ನಿಂತಿದ್ದರೆ ನಿಮ್ಮ ಬಲಗಡೆ ಇರುತ್ತದೆ. ಫೋಟೊ ಮಸುಕಾಗಿದ್ದರೂ ಇಟ್ಟುಕೊಂಡು ಮುಂಬಯಿಯ ಬಾಂಬೆ ನ್ಯಾಚುರಲ್ ಹಿಸ್ಟರಿ ಸೊಸೈಟಿಗೆ ಕಳಿಸಿ. ಓದಲೆಂದು ಹಕ್ಕಿಯನ್ನು ಅಟ್ಟಿಕೊಂಡು ಹೋಗಬೇಡಿ. ಮರುದಿನ 50 ನಿಮಿಷ ತಡವಾಗಿ ಅದೇ ಕೆಸರಿಗೆ ಬನ್ನಿ, ಹೆಚ್ಚಾಗಿ ಅಲ್ಲೇ ಇರುತ್ತದೆ.